ನಿಮಗಿದು ಗೊತ್ತೆ? ಬಸ್ಕಿಯ ಆಳ, ತೊಡೆಯ ಗಾತ್ರ

ಚಿಕ್ಕಬಾಣಾವರದಿಂದ ಹೆಸರಘಟ್ಟ ರಸ್ತೆ ಹಿಡಿದು ದಿನಾ ಬೆಳಿಗ್ಗೆ ವಾಕಿಂಗ್ ಹೋಗುವವರ ಹೃದಯ, ಶ್ವಾಸಕೋಶ ಗಟ್ಟಿಯಾಗುತ್ತವೆ. ನಡಿಗೆ ರೂಢಿಯಾದವರ ತೊಡೆ ಮಾತ್ರ ಅದರಿಂದ ಹೆಚ್ಚು ದಪ್ಪವಾಗದು. ಸ್ನಾಯು ಬೆಳೆಯಲು ಅದಕ್ಕೆ ಅಭ್ಯಾಸವಿಲ್ಲದ ಭಾರ ಬೀಳಬೇಕು. ಸೈಕಲ್ ತುಳಿತ, ಅದರಲ್ಲೂ ಏರುದಾರಿಯದು, ನಡಿಗೆಗಿಂತ ವಾಸಿ.

ನಮ್ಮ ಗರಡಿ ಮನೆಗಳ ಪೈಲ್ವಾನರು ಬಸ್ಕಿ ಹೊಡೆಯುವಾಗ ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಕೆಳಗಿಳಿಯುತ್ತಾರೆ. ಈ ಆಳಕ್ಕೆ ಬೆಲೆಯಿದೆ. ಜಪಾನಿನ ಸಂಶೋಧಕರು 10 ವಾರ ಭಾರ ಹೊರಿಸಿ ಬಸ್ಕಿ ಹೊಡೆಸಿ, ಸ್ನಾಯುಗಳ ಗಾತ್ರವನ್ನು ಎಂಆರ್‌ಐನಲ್ಲಿ ಅಳೆದು 2019ರಲ್ಲಿ ಪ್ರಕಟಿಸಿದರು. ತೊಡೆಯ ಮುಂಭಾಗ ಪೂರ್ತಿ ಕೂತವರಲ್ಲೂ ಅರ್ಧ ಕೂತವರಲ್ಲೂ ಸುಮಾರು ಶೇ 5ರಷ್ಟೇ ಬೆಳೆದಿತ್ತು. ಒಳತೊಡೆಯಲ್ಲಿ ಮಾತ್ರ ದೊಡ್ಡ ಅಂತರ: ಪೂರ್ತಿ ಕೂತವರಲ್ಲಿ ಶೇ 6.2, ಅರ್ಧ ಕೂತವರಲ್ಲಿ ಶೇ 2.7. ಪೃಷ್ಠದ ಸ್ನಾಯುವಿನದೂ ಇದೇ ಕಥೆ. ತೊಡೆಯ ಹಿಂಭಾಗ ಇಬ್ಬರಲ್ಲೂ ಬೆಳೆಯಲಿಲ್ಲ. ಅದಕ್ಕೆ ಭಾರಕ್ಕೆದುರಾಗಿ ಮಂಡಿ ಮಡಿಸುವ ವ್ಯಾಯಾಮ ಬೇರೆಯೇ ಬೇಕು.

ವಯಸ್ಸಾಯಿತೆಂದು ಕೈಬಿಟ್ಟವರು ಇದನ್ನು ಓದಲೇಬೇಕು. ಅಮೆರಿಕದ ಬಾಸ್ಟನ್ನಿನಲ್ಲಿ 90ರ ಆಸುಪಾಸಿನ, ಆರೈಕೆ ಕೇಂದ್ರದಲ್ಲಿದ್ದ ಹಿರಿಯರಿಗೆ 8 ವಾರ ಕಾಲಿನಿಂದ ಭಾರ ಎತ್ತುವ ತರಬೇತಿ ಕೊಟ್ಟರು. 1990ರಲ್ಲಿ ಪ್ರಕಟವಾದ ಫಲಿತಾಂಶ: ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತ್ತು, ನಡುತೊಡೆಯ ಸ್ನಾಯು ಶೇ 9ರಷ್ಟು ಹಿಗ್ಗಿತ್ತು. ಮನೆಯ ಹಿರಿಯರು ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರು ಮಾಡಬಹುದು. ಮಂಡಿನೋವು, ರಕ್ತದೊತ್ತಡ ಇದ್ದರೆ ಮೊದಲು ವೈದ್ಯರನ್ನು ಕೇಳಿ.