ಲೌಂಡ್ಸ್ ಕೌಂಟಿ: ಹಿತ್ತಲಿನಿಂದ ಹತ್ತುವ ಕಾಯಿಲೆ

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಸೆಲ್ಮಾದಿಂದ ರಾಜಧಾನಿ ಮಾಂಟ್ಗೊಮರಿಗೆ ಹೋಗುವ 80ನೇ ಹೆದ್ದಾರಿಗೆ ಚರಿತ್ರೆಯಲ್ಲಿ ದೊಡ್ಡ ಹೆಸರಿದೆ. 1965ರ ಮಾರ್ಚ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಸಂಗಡಿಗರು ಮತದಾನದ ಹಕ್ಕಿಗಾಗಿ 54 ಮೈಲಿ ನಡೆದದ್ದು ಈ ದಾರಿಯಲ್ಲೇ. ಅದರ ದೊಡ್ಡ ಭಾಗ ಹಾದುಹೋಗುವುದು ಲೌಂಡ್ಸ್ ಕೌಂಟಿಯ ಮೂಲಕ. ಪ್ರವಾಸಿಗರು ಹೆದ್ದಾರಿ ಬದಿಯ ಸ್ಮಾರಕ ಕೇಂದ್ರವನ್ನು ನೋಡಿ ಮುಂದೆ ಹೋಗುತ್ತಾರೆ. ಒಳರಸ್ತೆ ಹಿಡಿದವರಿಗೆ ಬೇರೆಯೇ ನೋಟ ಕಾಣುತ್ತದೆ. ಮರಗಳ ನಡುವೆ ಒಂಟಿ ಮನೆಗಳು, ಹಳೆಯ ಟ್ರೇಲರ್ ಮನೆಗಳು. ಹಲವು ಮನೆಗಳ ಹಿಂದೆ ಶೌಚಾಲಯದಿಂದ ಹೊರಟ ಪಿವಿಸಿ ಪೈಪು ಕೆಲವೇ ಮಾರು ದೂರದಲ್ಲಿ ಬಯಲಿಗೆ ಬಾಯಿ ತೆರೆದಿರುತ್ತದೆ. ಅಲ್ಲಿನವರು ಇದನ್ನು ‘ಸ್ಟ್ರೈಟ್ ಪೈಪ್’ ಎನ್ನುತ್ತಾರೆ.

ವಿಸ್ತೀರ್ಣದಲ್ಲಿ ಲೌಂಡ್ಸ್ ನಮ್ಮ ದೊಡ್ಡ ತಾಲ್ಲೂಕಿನಷ್ಟಿದೆ, ಸುಮಾರು 1,900 ಚದರ ಕಿಲೋಮೀಟರ್. ಜನ ಮಾತ್ರ 2020ರ ಗಣತಿಯಂತೆ ಹತ್ತು ಸಾವಿರ ಚಿಲ್ಲರೆ. ಹತ್ತರಲ್ಲಿ ಏಳು ಮಂದಿ ಕಪ್ಪು ಜನಾಂಗದವರು. ಆಡಳಿತ ಕೇಂದ್ರ ಹೇನ್‌ವಿಲ್ ಕೂಡ ಒಂದು ಸಣ್ಣ ಊರು.

ಇಲ್ಲಿನ ಆರೋಗ್ಯದ ಕತೆಯನ್ನು ಮಣ್ಣಿನಿಂದಲೇ ಶುರು ಮಾಡಬೇಕು. ಅಲಬಾಮಾದ ನಡುವೆ ಅಡ್ಡಲಾಗಿ ಹಬ್ಬಿರುವ ಈ ಪಟ್ಟಿಗೆ ‘ಬ್ಲ್ಯಾಕ್ ಬೆಲ್ಟ್’ ಎಂದು ಹೆಸರು. ಮೇಲೆ ಕಪ್ಪು ಜೇಡಿ, ಕೆಳಗೆ ಸುಣ್ಣದ ಪದರ. ಗದಗ, ಧಾರವಾಡ, ವಿಜಯಪುರದ ಎರೆಹೊಲ ಕಂಡವರಿಗೆ ಇದರ ಗುಣ ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದರೆ ಉಬ್ಬಿ ನೀರನ್ನು ಕೆಳಗೆ ಬಿಡದು, ಬಿಸಿಲಿಗೆ ಕೈ ತೂರುವಷ್ಟು ಬಿರಿಯುತ್ತದೆ. ಹತ್ತಿಗೆ ಹೇಳಿ ಮಾಡಿಸಿದ ನೆಲ. ಗುಲಾಮರನ್ನು ಸಾಲುಸಾಲಾಗಿ ಇಲ್ಲಿಗೆ ತಂದದ್ದೂ ಆ ಹತ್ತಿಗಾಗಿಯೇ. ಆದರೆ ಸೆಪ್ಟಿಕ್ ಟ್ಯಾಂಕ್‌ನಿಂದ ಹೊರಬಂದ ನೀರನ್ನು ಹೀರಿಕೊಳ್ಳುವ ಶಕ್ತಿ ಈ ನೆಲಕ್ಕಿಲ್ಲ. ಜೋರು ಮಳೆಯಾದಾಗ ಟ್ಯಾಂಕ್ ಇರುವ ಮನೆಗಳಲ್ಲೂ ಹೊಲಸು ಹಿಮ್ಮುಖವಾಗಿ ಉಕ್ಕಿ ಬಚ್ಚಲಿಗೆ ಬರುತ್ತದೆ. ಇಂಥ ಮಣ್ಣಿಗೆ ಒಗ್ಗುವಂತೆ ದಿಬ್ಬ ಕಟ್ಟಿ ಕೂರಿಸುವ ವ್ಯವಸ್ಥೆಗೆ 15,000 ಡಾಲರಿಗೂ ಹೆಚ್ಚು ಬೇಕು. ಇಲ್ಲಿನ ಬಹಳಷ್ಟು ಕುಟುಂಬಗಳಿಗೆ ಅದು ವರ್ಷದ ದುಡಿಮೆಯ ದೊಡ್ಡ ಪಾಲು. ಮನೆಗಳು ಚದುರಿಕೊಂಡಿರುವುದರಿಂದ ಊರ ಒಳಚರಂಡಿಯೂ ಬಹುತೇಕರ ಬಾಗಿಲಿಗೆ ಬಂದಿಲ್ಲ.

ಇದನ್ನು ಬಡವರ ಉದಾಸೀನವೆಂದು ಕಂಡ ಕಾನೂನು ದಂಡದ ದಾರಿ ಹಿಡಿಯಿತು. ಸರಿಯಾದ ಶೌಚ ವ್ಯವಸ್ಥೆ ಇಲ್ಲದಿರುವುದು ಅಲಬಾಮಾದಲ್ಲಿ ಅಪರಾಧ. 2000ದ ಆಸುಪಾಸಿನಲ್ಲಿ ಲೌಂಡ್ಸ್‌ನ ಹಲವು ಕುಟುಂಬಗಳು ಇದೇ ಕಾರಣಕ್ಕೆ ಬಂಧನದ ಭೀತಿ ಎದುರಿಸಿದವು. ಇಲ್ಲೇ ಬೆಳೆದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಹೋರಾಟಕ್ಕೆ ಇಳಿದದ್ದು ಆ ಹೊತ್ತಿನಲ್ಲಿ. ಹಿಂದೆ ಶಿಕ್ಷಕಿಯಾಗಿದ್ದ ಈಕೆ ಮನೆಮನೆಗೆ ಹೋಗಿ ಹಿತ್ತಲುಗಳನ್ನು ನೋಡಿದರು, ಸೆನೆಟರುಗಳನ್ನೂ ವಿಶ್ವಸಂಸ್ಥೆಯ ಪ್ರತಿನಿಧಿಯನ್ನೂ ಕರೆತಂದು ತೋರಿಸಿದರು. ಒಮ್ಮೆ ಕೊಳಚೆ ನಿಂತ ಅಂಗಳದಲ್ಲಿ ಸೊಳ್ಳೆ ಕಚ್ಚಿ ಅವರ ಮೈಮೇಲೆ ಗಂದೆ ಎದ್ದಿತು. ವೈದ್ಯರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅಮೆರಿಕದಲ್ಲಿ ಯಾರೂ ಹುಡುಕದ ಉಷ್ಣವಲಯದ ರೋಗ ಇಲ್ಲಿರಬಹುದೇ ಎಂಬ ಅನುಮಾನ ಅವರಿಗೆ ಹುಟ್ಟಿತು. ಅದು ಅವರನ್ನು ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನ ತಜ್ಞರ ಬಳಿಗೆ ಕರೆದೊಯ್ದಿತು.

2017ರಲ್ಲಿ ಆ ತಂಡದ ವರದಿ ಬಂತು. ಪರೀಕ್ಷೆಗೆ ಒಳಗಾದ 55 ಮಂದಿಯಲ್ಲಿ 19 ಮಂದಿಯ ಮಲದಲ್ಲಿ ಕೊಕ್ಕೆಹುಳುವಿನ ಡಿಎನ್‌ಎ ಸಿಕ್ಕಿತ್ತು. ಇಷ್ಟು ಸಣ್ಣ ಗುಂಪಿನಿಂದ ಇಡೀ ಕೌಂಟಿಯ ಲೆಕ್ಕ ಕಟ್ಟಲಾಗದು. ಆದರೂ ಇದು ಬೆಚ್ಚಿಬೀಳಿಸುವ ಸುದ್ದಿ, ಏಕೆಂದರೆ ಕೊಕ್ಕೆಹುಳು ಅಮೆರಿಕದಿಂದ ತೊಲಗಿತೆಂದೇ ಎಲ್ಲರೂ ನಂಬಿದ್ದರು. 1909ರಲ್ಲಿ ತೈಲೋದ್ಯಮಿ ರಾಕ್‌ಫೆಲರ್ ಹತ್ತು ಲಕ್ಷ ಡಾಲರ್ ಕೊಟ್ಟು ದಕ್ಷಿಣದ ರಾಜ್ಯಗಳಲ್ಲಿ ಇದರ ವಿರುದ್ಧ ದೊಡ್ಡ ಅಭಿಯಾನವನ್ನೇ ನಡೆಸಿದ್ದ. ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ಕರುಳಿಗೆ ಕಚ್ಚಿ ರಕ್ತ ಹೀರುವ ಹುಳು ಇದು. ಇದು ತಗುಲಿದ ಮಕ್ಕಳು ರಕ್ತ ಬತ್ತಿ ಸೊರಗುತ್ತಾರೆ, ಕಲಿಕೆಯಲ್ಲಿ ಹಿಂದೆ ಬೀಳುತ್ತಾರೆ. ಮಾತ್ರೆ ಕೊಟ್ಟರೆ ಹುಳು ಸಾಯುತ್ತದೆ. ಆದರೆ ಮಗು ಆಡುವುದು ಅದೇ ಅಂಗಳದಲ್ಲಿ, ಮತ್ತೆ ತಗುಲಲು ತಡವೇನಿಲ್ಲ.

ಇನ್ನು ಬೇರೆ ಕಾಯಿಲೆಗಳ ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಈ ಸೀಮೆಯಲ್ಲಿ ಹೆಚ್ಚು. ಕೌಂಟಿಯೊಳಗೆ ಒಂದೂ ಆಸ್ಪತ್ರೆ ಇಲ್ಲ. ಎದೆ ನೋವು ಬಂದರೂ ಹೆರಿಗೆ ನೋವು ಬಂದರೂ ಮಾಂಟ್ಗೊಮರಿಗೋ ಸೆಲ್ಮಾಕ್ಕೋ ಓಡಬೇಕು. ಸ್ವಂತ ಕಾರು ಇಲ್ಲದವರು ನೆರೆಯವರ ಕಾರಿಗಾಗಿ ಕಾಯಬೇಕು. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನ ಬಾಗಿಲೂ ಅಲಬಾಮಾದಲ್ಲಿ ತೀರ ಕಿರಿದು. ಮಕ್ಕಳಿರುವ ತಂದೆತಾಯಿಯ ಆದಾಯ ಕೇಂದ್ರ ನಿಗದಿಪಡಿಸಿದ ಬಡತನ ರೇಖೆಯ ಶೇ 18ರ ಮಿತಿಯೊಳಗೆ ಇರಬೇಕು. ಮಕ್ಕಳಿಲ್ಲದ ಆರೋಗ್ಯವಂತ ವಯಸ್ಕರು ಎಷ್ಟೇ ಬಡವರಾದರೂ ಅದು ಸಿಗದು. ವಿಮೆಯನ್ನು ವಿಸ್ತರಿಸಿದರೆ ಹೊಸದಾಗಿ ಸೇರುವವರ ಖರ್ಚಿನಲ್ಲಿ ಶೇ 90 ಕೇಂದ್ರವೇ ಭರಿಸುತ್ತದೆ. ಆದರೂ ರಾಜ್ಯ ಒಪ್ಪಿಲ್ಲ. ಹಣ ಕೊಡದ ರೋಗಿಗಳೇ ಹೆಚ್ಚಾದ ಕಡೆ ಆಸ್ಪತ್ರೆ ಉಳಿಯುವುದಾದರೂ ಹೇಗೆ? 2020ರಲ್ಲಿ ಕೋವಿಡ್ ಬಂದಾಗ, ಜನಸಂಖ್ಯೆಗೆ ಹೋಲಿಸಿದರೆ ಅಲಬಾಮಾದಲ್ಲೇ ಅತಿ ಹೆಚ್ಚು ಸೋಂಕು ಮತ್ತು ಸಾವು ಕಂಡ ಕೌಂಟಿಗಳ ಮುಂಚೂಣಿಯಲ್ಲಿ ಲೌಂಡ್ಸ್ ಇತ್ತು.

ಕೊಳಚೆಯ ವಿರುದ್ಧದ ಹೋರಾಟಕ್ಕಾಗಿ ಫ್ಲವರ್ಸ್ ಅವರಿಗೆ ಅದೇ ವರ್ಷ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು. 2021ರ ನವೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಲೌಂಡ್ಸ್‌ನ ಕೊಳಚೆ ಸಮಸ್ಯೆಯನ್ನು ನಾಗರಿಕ ಹಕ್ಕಿನ ಪ್ರಶ್ನೆಯಾಗಿ ಕೈಗೆತ್ತಿಕೊಂಡಿತು. 2023ರ ಮೇ ತಿಂಗಳಲ್ಲಿ ರಾಜ್ಯದ ಆರೋಗ್ಯ ಇಲಾಖೆ ಒಪ್ಪಂದಕ್ಕೆ ಬಂತು: ವ್ಯವಸ್ಥೆ ಕೊಳ್ಳಲಾಗದ ನಿವಾಸಿಗಳ ಮೇಲೆ ದಂಡದ ಕ್ರಮ ಇಲ್ಲ, ಯಾವ ಮನೆಗೆ ಏನು ಬೇಕೆಂಬ ಸಮೀಕ್ಷೆ ನಡೆಸಿ ಸುಧಾರಣೆಯ ಯೋಜನೆ ರೂಪಿಸಬೇಕು. 2025ರ ಏಪ್ರಿಲ್‌ನಲ್ಲಿ, ಜನಾಂಗೀಯ ಸಮಾನತೆಯ ಕಾರ್ಯಕ್ರಮಗಳನ್ನು ಕೈಬಿಡುವ ಅಧ್ಯಕ್ಷರ ಆದೇಶದಂತೆ, ನ್ಯಾಯ ಇಲಾಖೆಯೇ ಆ ಒಪ್ಪಂದವನ್ನು ಕೊನೆಗೊಳಿಸಿತು. ಇರುವ ಅನುದಾನ ಮುಗಿಯುವವರೆಗೆ ಕೆಲಸ ಮುಂದುವರಿಯುತ್ತದೆ, ಆದರೆ ಶೌಚ ವ್ಯವಸ್ಥೆ ಅಳವಡಿಸುವುದು ಕಾನೂನಿನಂತೆ ನಮ್ಮ ಹೊಣೆಯಲ್ಲ ಎಂದು ರಾಜ್ಯದ ಆರೋಗ್ಯ ಇಲಾಖೆ ಹೇಳಿತು. ಟ್ಯಾಂಕ್ ಇಲ್ಲದ ಬಡವರನ್ನು ಕಟಕಟೆಗೆ ತರಲು ಕಾನೂನಿದೆ, ಅವರಿಗೆ ಟ್ಯಾಂಕ್ ಕಟ್ಟಿಸಿಕೊಡುವ ಹೊಣೆ ಮಾತ್ರ ಯಾರದೂ ಅಲ್ಲ ಎನ್ನುವುದನ್ನು ನಾನಂತೂ ಒಪ್ಪಲಾರೆ.