ಹಂದಿಯ ಕಾಲಲ್ಲಿ ಬೆಳೆದ ಹೊಸ ಮೂಳೆ

ಸಣ್ಣ ಬಿರುಕಾದರೆ ಮೂಳೆ ತಾನಾಗಿಯೇ ಕೂಡಿಕೊಳ್ಳುತ್ತದೆ. ತುಂಡೇ ಹಾರಿಹೋಗಿ ನಡುವೆ ದೊಡ್ಡ ಅಂತರ ಉಳಿದರೆ ಮಾತ್ರ ಎಷ್ಟು ಕಾದರೂ ಕೂಡುವುದಿಲ್ಲ. ಆಗ ಸಾಮಾನ್ಯವಾಗಿ ಸೊಂಟದ ಮೂಳೆಯ ಚೂರನ್ನು ತೆಗೆದು ಕಸಿ ಮಾಡುತ್ತಾರೆ. ಒಂದು ಗಾಯ ಮಾಯಿಸಲು ಇನ್ನೊಂದು ಗಾಯ!

ಇದನ್ನು ತಪ್ಪಿಸಲು ಒಂದು ದಾರಿ ಆಕರಕೋಶಗಳು (ಸ್ಟೆಮ್ ಸೆಲ್): ಅಸ್ಥಿಮಜ್ಜೆಯಲ್ಲಿರುವ ಇವು ಮೂಳೆಯ ಕೋಶಗಳಾಗಿ ಬದಲಾಗಬಲ್ಲವು. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ನಾಯಿಗಳದೇ ಮಜ್ಜೆಯಿಂದ ಇವನ್ನು ಬೆಳೆಸಿ, ಸೆರಾಮಿಕ್ ಕೊಳವೆಗೆ ತುಂಬಿ, ತೊಡೆಮೂಳೆಯ 21 ಮಿಲಿಮೀಟರ್ ಅಂತರದಲ್ಲಿ ಕೂರಿಸಿದರು. ಕೊಳವೆ ಮೂಳೆಗೆ ಬೆಸೆದುಕೊಂಡಿತು. ಕೋಶಗಳಿಲ್ಲದ ಕೊಳವೆಗಳು ಬಿರುಕುಬಿಟ್ಟವು.

ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಸೊಗಸಾದುದು. ಅವರು ಕೋಶಗಳನ್ನು ಹೊರಗೆ ಬೆಳೆಸಲೇ ಇಲ್ಲ. ಗಿಡ್ಡ ತಳಿಯ ಹಂದಿಗಳ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಒಂದು ಸೆಂಟಿಮೀಟರ್ ಅಂತರ ಮಾಡಿ, ಅಲ್ಲಿ ಕೊಲಾಜೆನ್ ಹಂದರವಿಟ್ಟು ಎರಡು ವಾರ ಕಾದರು. ದೇಹದ ಆಕರಕೋಶಗಳು ತಾವಾಗಿಯೇ ಅದರೊಳಗೆ ಬಂದು ಸೇರಿದವು. ಬಳಿಕ ಮೂಳೆ ಬೆಳೆಸುವ ಪ್ರೋಟೀನಿನ ಜೀನನ್ನು ಸೂಕ್ಷ್ಮ ಗುಳ್ಳೆಗಳೊಂದಿಗೆ ಚುಚ್ಚಿ, ಅಲ್ಟ್ರಾಸೌಂಡ್ ಹಾಯಿಸಿದರು. ಗುಳ್ಳೆಗಳ ಕಂಪನಕ್ಕೆ ಕೋಶದ ಪೊರೆಯಲ್ಲಿ ಕ್ಷಣಕಾಲ ಕಿಂಡಿ ತೆರೆಯುತ್ತದೆ, ಜೀನು ಒಳನುಸುಳುತ್ತದೆ. ಜೀನನ್ನು ಕೋಶದೊಳಗೆ ಸಾಗಿಸಲು ಬಳಸುವ ವೈರಸ್ಸಿನ ನೆರವೇ ಬೇಡ!

ಎರಡು ತಿಂಗಳೊಳಗೆ, ಈ ಚಿಕಿತ್ಸೆ ಪಡೆದ ಎಲ್ಲ ಹಂದಿಗಳ ಮೂಳೆಯೂ ಕೂಡಿಕೊಂಡಿತ್ತು. ಅದರ ಬಲ ಕಸಿ ಮಾಡಿದ ಮೂಳೆಯ ಬಲಕ್ಕೆ ಸಮನಾಗಿತ್ತು.