ಕೋವಿಯ ಪರವಾನಗಿಯೂ ವೈದ್ಯರ ಪ್ರಮಾಣಪತ್ರವೂ

ಹಿಂದೆ ಎಡೇಹಳ್ಳಿ ಎಂದು ಹೆಸರಾಗಿದ್ದ ನರಸಿಂಹರಾಜಪುರದ ಸುತ್ತಣ ಅಡಕೆ ತೋಟಗಳಲ್ಲಿಯೂ ಕೊಪ್ಪ, ಶೃಂಗೇರಿಗಳ ಕಾಡಂಚಿನ ಮನೆಗಳಲ್ಲಿಯೂ ಕೋವಿಯು ಬೇಸಾಯದ ಉಪಕರಣಗಳ ಸಾಲಿಗೇ ಸೇರಿದ ವಸ್ತು. ಕಾಡುಹಂದಿ, ಮಂಗಗಳನ್ನು ಬೆದರಿಸಿ ಬೆಳೆಯನ್ನು ಉಳಿಸಿಕೊಳ್ಳುವುದು ಅದರ ಪ್ರಯೋಜನ. ಅಮೆರಿಕದ ಕೆಲವು ಸಂಸ್ಥಾನಗಳಲ್ಲಿ, ಉಡುಪಿನೊಳಗೆ ಮರೆಸಿ ಒಯ್ಯುವ ಪಿಸ್ತೂಲಿನ ಸಂಬಂಧವಾಗಿ ಎದ್ದ ಪ್ರಶ್ನೆಯು ಈ ನೀಳ ಕೋವಿಯ ವಿಷಯದಲ್ಲಿಯೂ ಏಳುತ್ತದೆ: ಆಯುಧ ಹಿಡಿಯಲು ಒಬ್ಬನು ಅರ್ಹನೇ ಎಂಬುದನ್ನು ಅವನ ವೈದ್ಯರು ನಿರ್ಣಯಿಸಬಹುದೆ?

1959ರ ಆಯುಧ ಅಧಿನಿಯಮದ 13ನೆಯ ಪ್ರಕರಣವು ಬೆಳೆರಕ್ಷಣೆಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳಿದೆ. ಅರ್ಜಿದಾರನು ಅಸ್ವಸ್ಥಚಿತ್ತನೆಂದಾಗಲಿ, ಅನ್ಯ ಕಾರಣದಿಂದ ಅನರ್ಹನೆಂದಾಗಲಿ ನಂಬಲು ಆಧಾರವಿದ್ದಲ್ಲಿ ಪರವಾನಗಿಯನ್ನು ನಿರಾಕರಿಸತಕ್ಕದ್ದೆಂದು 14ನೆಯ ಪ್ರಕರಣವು ವಿಧಿಸುತ್ತದೆ. ಹಾಗೆ ನಂಬಬೇಕಾದವರು ಪರವಾನಗಿ ನೀಡುವ ಅಧಿಕಾರಿಗಳೇ ಹೊರತು ವೈದ್ಯರಲ್ಲ. 2016ರ ಆಯುಧ ನಿಯಮಗಳಾದರೋ ದೇಹಾರೋಗ್ಯ, ಮಾನಸಿಕ ಆರೋಗ್ಯ ಹಾಗೂ ಮಾದಕ ವಸ್ತುಗಳಿಗೆ ದಾಸನಾಗಿಲ್ಲದಿರುವಿಕೆ, ಇವುಗಳ ಬಗೆಗೆ ವೈದ್ಯಕೀಯ ಪ್ರಮಾಣಪತ್ರವನ್ನು ಅಪೇಕ್ಷಿಸುತ್ತವೆ.

ಇಲ್ಲಿ ಎರಡು ಬಗೆಯ ಜ್ಞಾನವನ್ನು ಬೇರ್ಪಡಿಸಿ ನೋಡುವುದು ಅವಶ್ಯ. ದೃಷ್ಟಿ ಮಂದವಾಗಿದೆಯೆ, ಕೈ ನಡುಗುತ್ತದೆಯೆ, ಕುಡಿತದ ಲಕ್ಷಣಗಳು ತೋರುತ್ತವೆಯೆ ಎಂಬುದನ್ನು ವೈದ್ಯರು ಪರೀಕ್ಷಿಸಿ ಹೇಳಬಲ್ಲರು. ಮುಂದೊಂದು ದಿನ ಆತನು ಕೋವಿಯನ್ನು ನೆರೆಯವನತ್ತಲೋ ತನ್ನತ್ತಲೋ ತಿರುಗಿಸುವನೆ ಎಂಬುದನ್ನು ಮಾತ್ರ ಯಾವ ಪರೀಕ್ಷೆಯೂ ನಿಶ್ಚಯವಾಗಿ ತಿಳಿಸಲಾರದು. ಮಾನಸಿಕ ರೋಗಿಗಳಲ್ಲಿ ಬಹುಪಾಲು ಜನ ಪರರನ್ನು ಹಿಂಸಿಸುವವರಲ್ಲ. ಖಿನ್ನನಾದವನ ಮನೆಯಲ್ಲಿರುವ ಕೋವಿಯಿಂದ ಹೆಚ್ಚಿನ ಅಪಾಯವು ಆತನಿಗೇ. ಮಾನಸಿಕ ರೋಗವೊಂದರಿಂದಲೇ ಒಬ್ಬನನ್ನು ಅಸ್ವಸ್ಥಚಿತ್ತನೆಂದು ಭಾವಿಸಲಾಗದೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವೂ ಸ್ಪಷ್ಟಪಡಿಸಿದೆ.

ಮತ್ತೊಂದು ತೊಡಕು ಕಾಲದ್ದು. 2019ರ ತಿದ್ದುಪಡಿಯು ಪರವಾನಗಿಯ ಅವಧಿಯನ್ನು 3 ವರ್ಷಗಳಿಂದ 5 ವರ್ಷಗಳಿಗೆ ಏರಿಸಿತು. ಪ್ರಮಾಣಪತ್ರವಾದರೋ ಒಂದು ದಿನದ ಸ್ಥಿತಿಗೆ ಸಾಕ್ಷಿ. ನಡುವೆ ಬೆಳೆ ಕೆಟ್ಟು ಸಾಲ ಬೆಳೆದು ನಿದ್ರೆ ಕಳೆದುಕೊಂಡವನು, ತನ್ನ ಸಂಕಟವನ್ನು ಹೇಳಿಕೊಂಡರೆ ಕೋವಿ ಹೋದೀತೆಂಬ ಅಂಜಿಕೆಯಿಂದ ಊರಿನ ವೈದ್ಯರೆದುರು ಬಾಯಿ ಬಿಡದಿದ್ದರೆ, ಚಿಕಿತ್ಸೆಯೂ ತಪ್ಪಿತು, ಕೋವಿಯೂ ಮನೆಯಲ್ಲಿಯೇ ಉಳಿಯಿತು.

ಆದುದರಿಂದ ವೈದ್ಯರನ್ನು ಸಾಕ್ಷಿಗಳನ್ನಾಗಿ ಕರೆಯುವುದು ಉಚಿತ, ನ್ಯಾಯಾಧೀಶರನ್ನಾಗಿ ಕೂರಿಸುವುದು ಅನುಚಿತ. ತಾವು ಕಂಡುದನ್ನು ಅವರು ಬರೆಯಲಿ. ಅರ್ಹತೆಯ ನಿರ್ಣಯದ ಹೊಣೆಯನ್ನು, ಠಾಣೆಯ ವರದಿಯನ್ನೂ ಪರಾಮರ್ಶಿಸಿ, ಅಧಿಕಾರಿಗಳೇ ಹೊರಲಿ. ರೋಗಿಗೆ ಚಿಕಿತ್ಸೆ ನೀಡುತ್ತಿರುವವರಿಗಿಂತ ಬೇರೊಬ್ಬ ವೈದ್ಯರಿಂದ ಪ್ರಮಾಣಪತ್ರ ಪಡೆಯುವುದು ಲೇಸು. ನಡುವೆ ಸ್ಥಿತಿ ಬದಲಾದರೆ ಪರವಾನಗಿಯನ್ನು ಅಮಾನತಿನಲ್ಲಿಡಲು 17ನೆಯ ಪ್ರಕರಣದಲ್ಲಿ ಅವಕಾಶವಿದೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೊಪ್ಪಿಸಿ ಬಳಿಕ ಮರಳಿ ತರುವುದು ಮಲೆನಾಡಿಗರಿಗೆ ಹೊಸತಲ್ಲ. ಅದನ್ನು ಯಾರೂ ಅವಮಾನವೆಂದು ಬಗೆಯುವುದಿಲ್ಲ. ಮನಸ್ಸು ಕುಗ್ಗಿದ ಕಾಲದಲ್ಲಿಯೂ ಹಾಗೆಯೇ ಕೆಲವು ತಿಂಗಳು ಕೋವಿಯನ್ನು ದೂರವಿಡುವ ರೂಢಿ ಬೆಳೆದರೆ, ಬೆಳೆಯ ರಕ್ಷಣೆಗೆಂದು ತಂದ ಆಯುಧವು ಬೆಳೆಗಾರನನ್ನೇ ಬಲಿಗೊಳ್ಳುವುದು ಎಷ್ಟೋ ಮಟ್ಟಿಗೆ ತಪ್ಪೀತು.